ಪ್ರತಿಕ್ರಿಯೆ: ಪ್ರೆಸ್ ಕೊಳ್ಳಬೇಕೇ, ತಯಾರಾದ ತೋಟಾಗಳಿಗೆ ಕಾಯಬೇಕೇ?

ಅಂಗಡಿಯಲ್ಲಿ ಬಂದೂಕಿನ ತೋಟಾಗಳು ಸಿಗುತ್ತಿಲ್ಲ, ಕೂಡಿಟ್ಟಿರುವ ಖಾಲಿ ತೋಟಾಗಳನ್ನು ಮನೆಯಲ್ಲೇ ಮರುತುಂಬಲು ಪ್ರೆಸ್ (ತೋಟಾ ತುಂಬುವ ಯಂತ್ರ) ಕೊಳ್ಳಬೇಕೇ ಎಂದು ಕೇಳಿದ್ದೀರಿ. ತೋಟಾಗಳು ಸಿಗದಿರುವುದಕ್ಕೆ ಬಹುಮಟ್ಟಿಗೆ ಪ್ರೈಮರ್‌ಗಳ (ತೋಟಾದ ತಳದಲ್ಲಿದ್ದು ಒಳಗಿನ ಸಿಡಿಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಭಾಗಗಳ) ಅಭಾವವೇ ಕಾರಣವಾಗಿರಬಹುದು. ಹಾಗಿದ್ದಲ್ಲಿ, ಪ್ರೆಸ್ ಕೊಂಡರೂ ಅದೇ ಅಭಾವ ನಿಮ್ಮನ್ನು ಕಾಡುತ್ತದೆ. ಹಿತ್ತಾಳೆಯ ಕೋಶ ಹಲವು ಬಾರಿ ಬಾಳುತ್ತದೆ, ಪ್ರೈಮರ್ ಒಂದೇ ಹೊಡೆತಕ್ಕೆ ಮುಗಿಯುತ್ತದೆ.

ಆದ್ದರಿಂದ ಮೊದಲು ಮರುತುಂಬುವಿಕೆಗೆ ಸ್ಥಳೀಯ ಕಾನೂನಿನ ಅನುಮತಿಯಿದೆಯೇ ಎಂದು ತಿಳಿದುಕೊಳ್ಳಿ. ಬಳಿಕ ಖಾಲಿ ತೋಟಾಗಳ ಒಳಗೆ ಬೆಳಕು ಬಿಟ್ಟು ನೋಡಿ: ತಳದ ನಡುವೆ ಒಂದೇ ರಂಧ್ರವಿದ್ದರೆ ಅದು ಬಾಕ್ಸರ್ ಮಾದರಿ, ಸುಲಭವಾಗಿ ಮರುತುಂಬಬಹುದು, ಎರಡು ಸಣ್ಣ ರಂಧ್ರಗಳಿದ್ದರೆ ಬರ್ಡಾನ್, ಅದರಲ್ಲಿ ಹಳೆಯ ಪ್ರೈಮರನ್ನು ಹೊರತಳ್ಳುವ ಸಾಮಾನ್ಯ ಪ್ರೆಸ್‌ನ ಸೂಜಿ ಮುರಿಯುವುದೇ ಹೆಚ್ಚು. ತಳದ ಸ್ವಲ್ಪ ಮೇಲೆ ಹೊಳೆಯುವ ಉಂಗುರದಂಥ ಗೆರೆ ಕಂಡ ಕೋಶವನ್ನು ಎಸೆಯಿರಿ, ಅದು ಅಲ್ಲಿಯೇ ತುಂಡಾಗುವ ಸೂಚನೆ. ಉಳಿದವು ಎಷ್ಟು ಬಾರಿ ಬಾಳುತ್ತವೆ ಎಂಬುದು ಹೊಡೆತದ ಒತ್ತಡವನ್ನು ಅವಲಂಬಿಸಿರುವುದರಿಂದ ಖಚಿತವಾಗಿ ಹೇಳಲಾಗದು.

ಮೂರನೆಯದಾಗಿ, ಪ್ರೈಮರ್ ಮತ್ತು ನಿಮ್ಮ ಮರುತುಂಬುವಿಕೆಯ ಕೈಪಿಡಿಯಲ್ಲಿ ಹೆಸರಿಸಿರುವ ಸಿಡಿಮದ್ದು ಎರಡೂ ಕೈಗೆ ಸಿಕ್ಕ ಮೇಲಷ್ಟೇ ಪ್ರೆಸ್ ಕೊಳ್ಳಿ. ಕೊರತೆಯೆಂದು ಬೇರೆ ಮದ್ದನ್ನು ಅಂದಾಜಿನಲ್ಲಿ ತುಂಬಬೇಡಿ, ಬಂದೂಕೇ ಸಿಡಿಯಬಹುದು; ಕೈಪಿಡಿಯ ಕನಿಷ್ಠ ಪ್ರಮಾಣದಿಂದಲೇ ಆರಂಭಿಸಿ. ವರ್ಷಕ್ಕೆ ಒಂದೆರಡು ಪೆಟ್ಟಿಗೆಯಷ್ಟೇ ಬಳಸುವವರಾದರೆ, ನನ್ನ ಅಭಿಪ್ರಾಯದಲ್ಲಿ ಪ್ರೆಸ್‌ನ ವೆಚ್ಚ ಹುಟ್ಟುವುದಿಲ್ಲ; ಸಿಕ್ಕಾಗ ಬಾಕ್ಸರ್ ಮಾದರಿಯ ತಯಾರಾದ ತೋಟಾಗಳನ್ನೇ ಕೊಂಡು, ಖಾಲಿ ಕೋಶಗಳನ್ನು ಎತ್ತಿಡಿ.