ಎಚ್‌ಡಿಬಿ ಫ್ಲಾಟಿನಲ್ಲಿ ಬೊಗಳುವ ಶಿಟ್ಸು, ಪಕ್ಕದ ಮನೆಯವರ ದೂರು

ಸಿಂಗಾಪುರದ ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿ) ಫ್ಲಾಟಿನಲ್ಲಿರುವ ನಿಮ್ಮ ಶಿಟ್ಸು ನಾಯಿ ನೀವಿಬ್ಬರೂ ಆಫೀಸಿಗೆ ಹೋದಮೇಲೆ ಮಾತ್ರ ಬೊಗಳುತ್ತೆ, ಪಕ್ಕದ ಮನೆಯವರು ದೂರುತ್ತಿದ್ದಾರೆ ಅಂದ್ರಲ್ಲ, ಅದು ಹೆಚ್ಚಾಗಿ ಒಂಟಿಯಾಗಿರುವ ಗಾಬರಿ, ಹಠ ಅಲ್ಲ. ಕಾರಿಡಾರಿನ ಸದ್ದೂ ಕಾರಣ ಇರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಮೊದಲು ಹಳೇ ಫೋನೊಂದನ್ನು ಬಾಗಿಲಿನ ಕಡೆ ಮುಖ ಮಾಡಿಟ್ಟು ರೆಕಾರ್ಡ್ ಮಾಡಿ.

ಮಲಗಿದ್ದು, ಲಿಫ್ಟ್ ಸದ್ದಾದಾಗ ಮಾತ್ರ ಎದ್ದು ಬೊಗಳಿದರೆ ಕಾರಿಡಾರೇ ಕಾರಣ. ಒಳಕೋಣೆಯಲ್ಲಿ ಬಿಟ್ಟು, ಮುಂಬಾಗಿಲು ಪೂರ್ತಿ ಮುಚ್ಚಿ, ಫ್ಯಾನ್ ಹಾಕಿ ಹೋಗಿ. ಗಲಾಟೆ ಎಷ್ಟೋ ತಗ್ಗುತ್ತೆ.

ನೀವು ಹೊರಟ ಕೂಡಲೇ ಊಳಿಡುವುದು, ಬಾಗಿಲು ಕೆರೆಯುವುದು, ಜೊಲ್ಲು ಸುರಿಸುವುದು ಕಂಡರೆ ಗಾಬರಿಯೇ. ಚಪ್ಪಲಿ ಮೆಟ್ಟಿ, ಕೀ ಅಲ್ಲಾಡಿಸಿ, ಹೋಗದೆ ಸೋಫಾ ಮೇಲೆ ಕೂತುಬಿಡಿ. ಅದು ತಲೆ ಎತ್ತಿಯೂ ನೋಡದಂತಾದ ಮೇಲೆ ಹತ್ತು ಸೆಕೆಂಡು ಹೊರಗೆ ನಿಲ್ಲಿ, ಆಮೇಲೆ ಒಂದು ನಿಮಿಷ, ಐದು ನಿಮಿಷ. ಅದು ಬಾಯಿ ತೆಗೆಯುವ ಮುಂಚೆಯೇ ಒಳಗೆ ಬರಬೇಕು, ಗುಟ್ಟು ಇರೋದೇ ಅಲ್ಲಿ. ವಾರಗಟ್ಟಲೆ ಹಿಡಿಯುತ್ತೆ. ಅಲ್ಲಿಯವರೆಗೆ ದಿನವಿಡೀ ಒಂಟಿ ಬಿಡಬೇಡಿ. ಡೇಕೇರ್, ಇಲ್ಲವೇ ಸರದಿ ಮೇಲೆ ಮನೆಯಿಂದ ಕೆಲಸ. (ಊರಲ್ಲಾಗಿದ್ದರೆ ಜಗಲಿಯಲ್ಲಿ ಯಾರಾದರೂ ಇದ್ದೇ ಇರ್ತಿದ್ರು.) ಶಾಕ್ ಕಾಲರ್ ಬೇಡವೇ ಬೇಡ, ಭಯ ಹೆಚ್ಚುತ್ತೆ. ಸುಧಾರಿಸದಿದ್ದರೆ ಪಶುವೈದ್ಯರಿಗೆ ಆ ವಿಡಿಯೋ ತೋರಿಸಿ, ಇದಕ್ಕೆ ಔಷಧಿಯೂ ಇದೆ.

ಇನ್ನು ದೂರಿನ ವಿಷಯ. ಎಚ್‌ಡಿಬಿ ಫ್ಲಾಟಿಗೆ ಒಂದೇ ನಾಯಿ, ಅದೂ ಎಚ್‌ಡಿಬಿ ಒಪ್ಪಿದ ತಳಿಗಳ ಪಟ್ಟಿಯಲ್ಲಿರುವುದು, ಶಿಟ್ಸು ಆ ಪಟ್ಟಿಯಲ್ಲಿದೆ. ಎವಿಎಸ್ (ಅಲ್ಲಿನ ಸರ್ಕಾರಿ ಪ್ರಾಣಿ ಮತ್ತು ಪಶುವೈದ್ಯ ಸೇವೆ) ಕೊಡುವ ನಾಯಿ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಇವತ್ತೇ ಪಕ್ಕದ ಮನೆಗೆ ಹೋಗಿ ಯಾವ ಹೊತ್ತಿನಲ್ಲಿ ಜಾಸ್ತಿ ಬೊಗಳುತ್ತೆ ಕೇಳಿ, ನಿಮ್ಮ ನಂಬರ್ ಕೊಟ್ಟು ಬನ್ನಿ.