ಲ್ಯಾಪ್‌ಟಾಪ್‌ನಲ್ಲಿ ಹೆಚ್ಚು ವೇಗದ ಪ್ರೊಸೆಸರ್‌ಗೆ ಹೆಚ್ಚು ಹಣ ಕೊಡಬೇಕೇ?

ಒಂದೇ ಮಾದರಿಯ ಲ್ಯಾಪ್‌ಟಾಪ್ ಎರಡು ಪ್ರೊಸೆಸರ್‌ಗಳಲ್ಲಿ ದೊರೆಯುವಾಗ ದುಬಾರಿಯದನ್ನೇ ಕೊಳ್ಳಬೇಕೇ ಎಂಬ ಪ್ರಶ್ನೆಗೆ ಉತ್ತರ, ನಿಮ್ಮ ಕೆಲಸದಲ್ಲಿ ಪ್ರೊಸೆಸರ್‌ಗಾಗಿ ಕಾಯುವ ಸಮಯ ಎಷ್ಟು ಎಂಬುದನ್ನು ಅವಲಂಬಿಸಿದೆ. ಹತ್ತು ನಿಮಿಷದ ಕೆಲಸವೊಂದರಲ್ಲಿ ಐದು ನಿಮಿಷ ಮಾತ್ರ ಲೆಕ್ಕಾಚಾರಕ್ಕೆ ಹೋಗಿ, ಉಳಿದದ್ದು ಡಿಸ್ಕ್ ಅಥವಾ ಇಂಟರ್ನೆಟ್‌ಗಾಗಿ ಕಾಯುವುದರಲ್ಲಿ ಕಳೆಯುತ್ತಿದ್ದರೆ, ಶೇ 25ರಷ್ಟು ಹೆಚ್ಚು ವೇಗದ ಪ್ರೊಸೆಸರ್ ಉಳಿಸುವುದು ಒಂದೇ ನಿಮಿಷ.

ಈಗಿನ ಕಂಪ್ಯೂಟರಿನಲ್ಲಿಯೇ ಇದನ್ನು ಪರೀಕ್ಷಿಸಬಹುದು. ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಷ್ಟೆಷ್ಟು ಬಳಕೆಯಲ್ಲಿವೆ ಎಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ನಿತ್ಯದ ಕೆಲಸ ಮಾಡಿ. ಯಂತ್ರ ನಿಧಾನವಾದಾಗ ಮೆಮೊರಿ, ಅಂದರೆ ರ‍್ಯಾಮ್, ತುಂಬಿಕೊಂಡಿದ್ದರೆ ಹಣವನ್ನು 8 ಜಿಬಿಯಿಂದ 16 ಜಿಬಿ ರ‍್ಯಾಮ್‌ಗೆ ಏರಲು ಬಳಸುವುದೇ ಸರಿ. ಹಾರ್ಡ್ ಡಿಸ್ಕ್ ಸದಾ 100 ಪ್ರತಿಶತದಲ್ಲಿದ್ದರೆ ಅದಕ್ಕಿಂತ ವೇಗವಾಗಿ ಓದಿ ಬರೆಯುವ ಎಸ್‌ಎಸ್‌ಡಿ ಮೊದಲು. ಪ್ರೊಸೆಸರೇ ನಿಮಿಷಗಟ್ಟಲೆ ಪೂರ್ಣ ದುಡಿಯುತ್ತಿದ್ದರೆ ಮಾತ್ರ ವೇಗದ ಆಯ್ಕೆಗೆ ಅರ್ಥವಿದೆ. ವಿಡಿಯೊ ಸಂಕಲನ, ದೊಡ್ಡ ಪ್ರೋಗ್ರಾಂಗಳ ಕಂಪೈಲಿಂಗ್‌ನಂಥ (ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವುದು) ಕೆಲಸಗಳಲ್ಲಿ ಹೀಗಾಗುತ್ತದೆ. ಬರಹ, ಬ್ರೌಸಿಂಗ್‌ನಲ್ಲಿ ಇಲ್ಲವೇ ಇಲ್ಲ ಎನ್ನಬಹುದು.

ಹಲವರು ಗಮನಿಸದ ಸಂಗತಿ ಶಾಖ. ತೆಳುವಾದ ಲ್ಯಾಪ್‌ಟಾಪ್‌ನ ಪುಟ್ಟ ಫ್ಯಾನ್ ಶಾಖವನ್ನು ಹೊರಹಾಕಲಾರದೆ ಹೋದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ, ದುಬಾರಿ ಚಿಪ್ಪು ಕೆಲವೇ ನಿಮಿಷಗಳಲ್ಲಿ ಅಗ್ಗದ ಚಿಪ್ಪಿನ ಮಟ್ಟಕ್ಕೆ ಇಳಿಯಬಹುದು. ಆದ್ದರಿಂದ ಜಾಹೀರಾತಿನ ಗರಿಷ್ಠ ಗಿಗಾಹರ್ಟ್ಸ್ (ಪ್ರೊಸೆಸರ್ ವೇಗದ ಅಂಕಿ) ನಂಬದೆ, ಅದೇ ಮಾದರಿಯನ್ನು ದೀರ್ಘಕಾಲ ದುಡಿಸಿ ನೋಡಿದ ವಿಮರ್ಶೆಗಳನ್ನು ಓದಿ.

ಆದರೆ ಪ್ರೊಸೆಸರನ್ನು ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುವುದರಿಂದ ಅದನ್ನು ಮುಂದೆ ಬದಲಿಸಲಾಗದು. ರ‍್ಯಾಮ್, ಎಸ್‌ಎಸ್‌ಡಿಗಳನ್ನು ನಂತರ ಹೆಚ್ಚಿಸಬಹುದಾದ ಮಾದರಿಯಾಗಿದ್ದು, ನಿಮ್ಮ ಕೆಲಸವೂ ಭಾರವಾಗಿದ್ದರೆ, ನಾನು ಪ್ರೊಸೆಸರ್‌ಗೇ ಹಣ ಕೊಡುತ್ತೇನೆ.