ಮಾನಸಿಕ ಕಾಯಿಲೆ ಇರುವವರು ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದರೆ ಅಪಾಯ ಜಾಸ್ತಿನಾ?

ಹೌದು, ಜಾಸ್ತಿ. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಬೇಗ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚಿನವರು ಸಾಯುವುದು ಹೃದಯ, ಶ್ವಾಸಕೋಶದಂಥ ದೇಹದ ಕಾಯಿಲೆಗಳಿಂದಲೇ. ಎದೆನೋವು ಅಂದರೂ ‘ಸುಮ್ನೆ ಗಾಬರಿ’ ಅಂದುಬಿಡುತ್ತೇವೆ, ಅಲ್ವಾ? ಅಲ್ಲೇ ಹೊತ್ತು ಹೋಗುತ್ತದೆ.

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪ ಮನಸ್ಸಿನ ಕಾಯಿಲೆಗೆ ಲಿಥಿಯಂ ಅನ್ನೋ ಮಾತ್ರೆ ತಗೊಳ್ಳುತ್ತಿದ್ದರು. ವಾಂತಿಭೇದಿಯಾಗಿ ಶಿವಮೊಗ್ಗದಲ್ಲಿ ಅಡ್ಮಿಟ್ ಮಾಡಿದೆವು. ಕೈ ನಡುಗಿ ಕಾಫಿ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಹಳೇ ಕಾಯಿಲೆಯೇ ಅಂದುಕೊಂಡೆವು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗುತ್ತದೆ. ನರ್ಸ್ ಒಬ್ಬರು ಹಳೇ ಚೀಟಿ ಕೇಳಿದ್ದರಿಂದ ಗೊತ್ತಾಯಿತು, ಉಳಿದರು.

ಮಾತ್ರೆ ಚೀಟಿಯನ್ನು ಮೊದಲ ದಿನವೇ ತೋರಿಸಿ. ನಿಲ್ಲಿಸಬೇಕೋ ಬೇಡವೋ ಡಾಕ್ಟರ್ ಹೇಳಲಿ. ಮನಸ್ಸಿನ ಕಾಯಿಲೆ ಬಗ್ಗೆ ಸಲಹೆಗೆ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.